ಶನಿವಾರದ ಕುರಿಗಳು

ಮೊನ್ನೆ ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳೆಲ್ಲ ನಿಂತಲ್ಲೇ ನಿಂತಿದ್ದವು. ಪಕ್ಕದ ಲಗೇಜ್ ಆಟೋದಿಂದ ಕುರಿಯೊಂದು ‘ಬ್ಯಾ’ ಎಂದಿತು. ನೀವಾಗಿದ್ದರೆ ಕ್ಯಾಬಿನ ಕಿಟಕಿ ಏರಿಸುತ್ತಿದ್ದಿರಿ. ನಾನು ಒಬ್ಬಳೇ ನಕ್ಕೆ. ನನ್ನ ಜೀವನದಲ್ಲಿ ಗೆದ್ದ ಒಂದೇ ಒಂದು ಯುದ್ಧವನ್ನು ನಾನು ಗೆದ್ದದ್ದು ಕುರಿಗಳಿಂದ.

ಯುದ್ಧವೆಂದರೆ ಕಂಪ್ಯೂಟರ್ ಆಟದ್ದು. ಕಾಲೇಜು ಓದುವಾಗ ನಾನು ಬ್ಯಾಟರಾಯನಪುರದ ದೊಡ್ಡಮ್ಮನ ಮನೆಯಲ್ಲಿದ್ದೆ. ಮಹಡಿಯ ಬಾಡಿಗೆ ಮನೆಯಲ್ಲಿ ನನ್ನ ಕ್ಲಾಸಿನವಳೇ ಆದ ಶಬಾನಾ. ಕಿಟಕಿಯಿಂದ ಕಿಟಕಿಗೆ ಕೇಬಲ್ ಇಳಿಬಿಟ್ಟು ಇಬ್ಬರೂ ಆಡುತ್ತಿದ್ದೆವು. ಶುರುವಿಗೆ ಕಲ್ಲಿನ ಯುಗ: ಮೂರು ಆಳು, ನಾಲ್ಕು ಕುರಿ, ಒಂದು ಗುಡಿಸಲು. ಆಹಾರ, ಸೌದೆ, ಚಿನ್ನ ಕೂಡಿಟ್ಟು ಯುಗದಿಂದ ಯುಗಕ್ಕೆ ಏರಬೇಕು. ನಾಲ್ಕನೆಯದು ಫಿರಂಗಿಯ ಯುಗ; ಅದನ್ನು ಮೊದಲು ಮುಟ್ಟಿದವರದೇ ರಾಜ್ಯ. ನಾನು ಎರಡನೆಯದರಲ್ಲಿ ತಡವರಿಸುವಾಗಲೇ ಅವಳ ಕುದುರೆಗಳು ಬಂದು ನನ್ನ ಊರನ್ನು ಗುಡಿಸಿ ಹಾಕುತ್ತಿದ್ದವು. ಆಮೇಲೆ ಮೇಲಿನಿಂದ ಕೂಗು: “ಮಗಾ, ಊಟ ಆಯ್ತಾ?”

ಸೋಲಿಗೆ ಅರ್ಧ ಕಾರಣ ದೊಡ್ಡಮ್ಮ. ರಾಜಾನುಕುಂಟೆಯಲ್ಲಿ ಹೊಲ ಗೇಯ್ದು ಬಂದವರು. ಸೊಪ್ಪು ಬಿಡಿಸುತ್ತ ನನ್ನ ಪಕ್ಕದಲ್ಲೇ ಕೂರುತ್ತಿದ್ದರು. ನಮಗೆ ಬಿಡುವಿದ್ದದ್ದು ಶನಿವಾರ. ಆ ಮನೆಯಲ್ಲಿ ಶನಿವಾರ ಮಾಂಸ ಮುಟ್ಟುವಂತಿಲ್ಲ. ಪರದೆಯ ಮೇಲೆ ನನ್ನ ಆಳು ಆಹಾರಕ್ಕೆಂದು ಕುರಿ ಕಡಿಯಲು ಹೋದರೆ ಸಾಕು.

“ಅಯ್ಯೋ, ಇವತ್ತು ವಾರ ಕಣೇ! ಮಡಗು ಕತ್ತೀನ.”

“ದೊಡ್ಡಮ್ಮ, ಇದು ಆಟ!”

“ಆಟ ಆದ್ರೇನು, ಮನೆ ಒಳಗೇ ತಾನೆ ಆಡ್ತಿರಾದು?”

ಊಟ ಹಾಕುವವರ ಜೊತೆ ಎಷ್ಟೆಂದು ವಾದಿಸುವುದು ಹೇಳಿ? ನಾನು ಹಣ್ಣು ಕೀಳಿಸುತ್ತ, ಹೊಲ ಉಳುಮೆ ಮಾಡಿಸುತ್ತ ಕೂತೆ. ಶಬಾನಾ ಕುರಿ ಕಡಿದು ಮುಂದೆ ಓಡಿದಳು.

ಕೊನೆಗೆ ಶಬಾನಾಳ ಮನೆಯವರು ಬಾಡಿಗೆ ಮನೆ ಬಿಟ್ಟು ಚಿಕ್ಕಜಾಲಕ್ಕೆ ಹೊರಟರು. ನಮಗೆ ಉಳಿದದ್ದು ಒಂದೇ ಶನಿವಾರ. ಒಮ್ಮೆಯೂ ಗೆಲ್ಲದೆ ಅವಳನ್ನು ಕಳಿಸಿದರೆ ಆ ‘ಊಟ ಆಯ್ತಾ’ ನನ್ನ ಕಿವಿಯಲ್ಲೇ ಉಳಿದುಬಿಡುತ್ತದಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗಿತ್ತು.

ಅಂದು ಗುಡಿಸಲ ಮುಂದೆ ಗುಂಪಾಗಿ ನಿಂತ ಕುರಿಗಳನ್ನು ನೋಡಿ ದೊಡ್ಡಮ್ಮ, “ಇಂಗೆ ನಿಲ್ಸಿಕೊಂಡ್ರೆ ಎಂಗೆ? ನಾಕು ದಿಕ್ಕಿಗೂ ಮೇಯಕ್ ಬಿಡು” ಎಂದರು. ಬಿಟ್ಟೆ. ಆ ಆಟದಲ್ಲಿ ನಮ್ಮ ಕುರಿ ಕಂಡದ್ದೆಲ್ಲ ನಮಗೂ ಕಾಣುತ್ತದೆ. ಕಾಡಿನಂಚಿಗೆ ಹೋದ ಒಂದು ಕುರಿಯ ಎದುರು, ನೋಡುತ್ತೇನೆ, ಶಬಾನಾಳ ಕುದುರೆಗಳ ಸಾಲು!

“ಬೇಲಿ ಹಾಕೇ, ಬೇಲಿ!” ದೊಡ್ಡಮ್ಮ ಸೊಪ್ಪು ಚೆಲ್ಲಿಕೊಂಡು ಎದ್ದರು.

ಗೋಡೆ ಎಬ್ಬಿಸಿ ಬಾಗಿಲು ಮುಚ್ಚಿದೆ. ಕುದುರೆಗಳು ಹೊರಗೆ ಗುದ್ದುತ್ತಿದ್ದವು. ಒಳಗೆ ನನ್ನ ಹೊಲಗಳಲ್ಲಿ ಸುಗ್ಗಿ. ಕುರಿ ಖಾಲಿಯಾದ ಶಬಾನಾಗೆ ಹೊಲ ಮಾಡುವ ಅಭ್ಯಾಸವೇ ಇರಲಿಲ್ಲ, ಅವಳು ಇದ್ದ ಯುಗದಲ್ಲೇ ನಿಂತಳು. ನನಗೆ ಮೂರನೆಯ ಯುಗ, ಆಮೇಲೆ ನಾಲ್ಕನೆಯದು! ಯುಗ ಬದಲಾದ ಕಹಳೆ ಎರಡೂ ಮನೆಗಳಲ್ಲಿ ಮೊಳಗಿತು. ನನ್ನ ಫಿರಂಗಿಗೆ ಅವಳ ಕೋಟೆ ಉರುಳಿದಾಗ ನಾನು ಕಿಟಕಿಗೆ ಓಡಿದೆ. ದೊಡ್ಡಮ್ಮ ಆಗಲೇ ಅಲ್ಲಿದ್ದರು.

“ಶಬಾನಾ, ಊಟ ಆಯ್ತೇನವ್ವಾ?”

ಮೊನ್ನೆ ಫ್ಲೈಓವರ್ ಮೇಲಿಂದಲೇ ಶಬಾನಾಗೆ ಫೋನ್ ಮಾಡಿ ಕುರಿಯ ದನಿ ಕೇಳಿಸಿದೆ. “ಇಷ್ಟು ವರ್ಷ ಆದ್ಮೇಲೂ ಹೊಟ್ಟೆ ಉರಿಸ್ತೀಯಲ್ಲೇ! ಈ ಶನಿವಾರ ಬರ್ತೀನಿ. ನಾನೂ ಒಂದ್ ಕುರಿ ಮುಟ್ಟಲ್ಲ, ನೋಡೇ ಬಿಡೋಣ” ಎಂದಳು.

ಗೆದ್ದವಳು ನಾನೇ ಎಂದು ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದೇನಲ್ಲ! ಫ್ಲೈಓವರ್ ಇಳಿಯುತ್ತಲೇ ಕ್ಯಾಬ್ ತಿರುಗಿಸಲು ಹೇಳಿ ನೇರ ದೊಡ್ಡಮ್ಮನ ಮನೆಗೆ ಹೋದೆ. ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದವರು ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು:

“ಬರ್ಲಿ. ಈ ಸಲ ಸೊಪ್ಪು ನೀನ್ ಬಿಡಿಸು, ನಾನ್ ಆಡ್ತೀನಿ.”