ನಿನ್ನೆ ಏನು ಮಾಡಿದಿರಿ?: ಲೀಲಾವತಿ ಹೊನ್ನಾಪುರ ಅವರ ಪ್ರಶ್ನೆ

ಕರುಳಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು ಎಷ್ಟು ವರ್ಷ ಬದುಕುತ್ತಾರೆ ಎಂಬುದನ್ನು ವೈದ್ಯಶಾಸ್ತ್ರ ಬಹಳ ಕಾಲದಿಂದ ಲೆಕ್ಕ ಹಾಕುತ್ತ ಬಂದಿದೆ. ಆ ವರ್ಷಗಳನ್ನು ಅವರು ಹೇಗೆ ಕಳೆಯುತ್ತಾರೆ ಎಂದು ಕೇಳಲು ತೊಡಗಿದ್ದು ಈಚೆಗೆ. ಸ್ವೀಡನ್ನಿನಲ್ಲಿ ಹಾಗೆ ಕೇಳಿದವರಲ್ಲಿ, ಈ ವಸಂತದಲ್ಲಿ ಅರವತ್ತೈದು ತುಂಬಿ ಫ್ಲೆಮಿಂಗ್ಸ್‌ಬೆರ್ಯ್‌ನ ಆಸ್ಪತ್ರೆಯಲ್ಲಿನ ತಮ್ಮ ಕೊಠಡಿಯ ಕೀಲಿಯನ್ನು ಹಿಂದಿರುಗಿಸುತ್ತಿರುವ ಡಾ. ಲೀಲಾವತಿ ಹೊನ್ನಾಪುರ ಅವರೂ ಒಬ್ಬರು.

ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು ೧೯೭೪ರಲ್ಲಿ ಇಲ್ಲಿಗೆ ಬಂದ ಅವರು ಮೊದಲ ಎರಡು ವರ್ಷ ವೃದ್ಧಾಶ್ರಮವೊಂದರಲ್ಲಿ ಹಾಸಿಗೆ ಬದಲಿಸುತ್ತಲೇ ಸ್ವೀಡಿಷ್ ಕಲಿತರು. ಬಳಿಕ, ಮಲ ಹೊರಹೋಗಲು ಹೊಟ್ಟೆಗೆ ಚೀಲ ಅಳವಡಿಸಿಕೊಂಡವರ ಶುಶ್ರೂಷೆಯಲ್ಲಿ ಹದಿನೈದು ವರ್ಷ ಕಳೆದರು. ಐವತ್ತೆರಡನೆಯ ವಯಸ್ಸಿನಲ್ಲಿ ಡಾಕ್ಟರೇಟ್ ಪಡೆದರು. ೨೦೦೪ರಲ್ಲಿ ಅವರ ಸಂಶೋಧನೆಗೆ ನಾನು ಸಹಾಯಕನಾಗಿ ಸೇರಿದಾಗ ನನಗೊಂದು ಮೇಜು, ಒಂದು ಕಂಪ್ಯೂಟರ್, ಹಿಂದಿನವರು ಬಿಟ್ಟುಹೋಗಿದ್ದ ಒಂದು ಜೊತೆ ಉಣ್ಣೆಯ ಕಾಲುಚೀಲ ಸಿಕ್ಕವು. ಕಾಲುಚೀಲ ಹಾಕಿಕೊಳ್ಳಲು ಅವರೇ ಹೇಳಿದರು.

ದೇಶದ ಬೇರೆಬೇರೆ ಊರುಗಳ ಇನ್ನೂರ ಹನ್ನೆರಡು ಮಂದಿಗೆ ಶಸ್ತ್ರಚಿಕಿತ್ಸೆಯ ಒಂದು ವರ್ಷದ ನಂತರ ಅಂಚೆಯಲ್ಲಿ ಪ್ರಶ್ನಾವಳಿ ಹೋಗುತ್ತಿತ್ತು. ಕಳೆದ ವಾರ ನೋವಿತ್ತೇ, ನಿದ್ರೆ ಕೆಟ್ಟಿತೇ, ಶೌಚಾಲಯಕ್ಕೆ ಓಡಬೇಕಾಯಿತೇ? ಏನೂ ಇಲ್ಲವೆಂದರೆ ಒಂದು, ಬಹಳ ಎಂದರೆ ನಾಲ್ಕು. ಬಂದ ಉತ್ತರಗಳನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಕನ್ನಡಿಗರಿಗಾಗಿ ಲೀಲಾವತಿಯವರು ತಾವೇ ಕನ್ನಡದಲ್ಲೊಂದು ಪ್ರತಿ ಸಿದ್ಧಪಡಿಸಿದ್ದರು, ಮೇಲೊಂದು ಪತ್ರವನ್ನೂ ಬರೆದು ಸಹಿ ಮಾಡಿದ್ದರು.

೨೦೦೫ರ ಅಕ್ಟೋಬರಿನಲ್ಲಿ ಕಾರ್ಲ್‌ಸ್ಕ್ರೂನಾದಿಂದ ಅಂಥದೊಂದು ಕನ್ನಡ ಪ್ರತಿ ಬಂತು. ಕಳುಹಿಸಿದವರು ಟೆಲಿಕಾಂ ಎಂಜಿನಿಯರ್ ಅಜೀಜ್, ವಯಸ್ಸು ನಲವತ್ತೊಂದು. ಅವರ ಕರುಳಿನ ಕೆಳತುದಿಯನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಜೋಡಿಸಲಾಗಿತ್ತು. ಎಲ್ಲ ಪ್ರಶ್ನೆಗಳಿಗೂ ಒಂದು. ನಾನು ಒಂದು ನಿಮಿಷದೊಳಗೆ ಅದನ್ನು ಏರಿಸಿ ಮುಂದಿನದನ್ನು ಎತ್ತಿಕೊಂಡೆ. ಲೀಲಾವತಿಯವರು ಆ ಹಾಳೆಯನ್ನು ಹೊರಗೆಳೆದರು.

"ಏನ್ರೀ ಇದು, ಹುಷಾರಿದ್ದ ನನಗೂ ಇಷ್ಟು ಒಂದು ಬರೂದಿಲ್ಲ."

ಇಲ್ಲಿನ ಬೆಂಗಳೂರಿನವರ ನಡುವೆ ಅವರು ಅಡಗಿಸಿಡುತ್ತಿದ್ದ ಹುಬ್ಬಳ್ಳಿ ಮಾತು, ಸಿಟ್ಟು ಬಂದಾಗ ಹೊರಬೀಳುತ್ತಿತ್ತು. ಅವರು ಫೋನ್ ಮಾಡಿದರು. ಹೇಗಿದ್ದೀರಿ ಎಂದು ಕೇಳಲಿಲ್ಲ.

"ಅಜೀಜ್ ಅವರೇ, ನಿನ್ನೆ ಎದ್ದ ಮೇಲೆ ಏನೇನು ಮಾಡಿದ್ರಿ? ಒಂದೊಂದಾಗಿ ಹೇಳಿ."

ಸ್ಪೀಕರಿನಲ್ಲಿ ಬಂದ ದನಿ ವಿನಯದ್ದು. "ನಾಲ್ಕೂವರೆಗೆ ಎದ್ದೆ ಮೇಡಂ."

"ಆಫೀಸು ಎಂಟಕ್ಕಲ್ವಾ?"

"ಮೂರು ಗಂಟೆ ಬಾತ್‌ರೂಮಲ್ಲೇ ಹೋಗತ್ತೆ. ಒಂದ್ಸಲಕ್ಕೆ ಮುಗಿಯಲ್ಲ."

"ಒಂಬತ್ತೂವರೆಗೆ ಎಲ್ರೂ ಫೀಕಾ ಅಂತ ಕಾಫಿಗೆ ಕೂರ್ತಾರಲ್ಲ?"

"ಆಗ ಪ್ರಿಂಟರ್ ಹತ್ರ ನಿಂತಿರ್ತೀನಿ."

"ಏನು ಪ್ರಿಂಟ್ ಮಾಡ್ತೀರಿ?"

"ಏನೂ ಇಲ್ಲ ಮೇಡಂ."

ಮಧ್ಯಾಹ್ನ ಅವರು ತಿನ್ನುತ್ತಿರಲಿಲ್ಲ, ತಿಂದರೆ ಓಡಬೇಕು. ಹನ್ನೊಂದು ಕಿಲೋ ಇಳಿದಿದ್ದರು. ಮತ್ತೇಕೆ ಎಲ್ಲಕ್ಕೂ ಒಂದು ಹಾಕಿದಿರಿ ಎಂದು ಲೀಲಾವತಿಯವರು ಕೇಳಿದರು.

"ವರ್ಕ್ ಪರ್ಮಿಟ್ ರಿನ್ಯೂವಲ್‌ಗೆ ಹಾಕಿದ್ದೀನಿ. ಫಾರಂ ಮೇಲೆ ನನ್ನ ಪರ್ಸೂನ್‌ನುಮ್ಮರ್, ಅದೇ ಐಡಿ ನಂಬರ್, ಇತ್ತು. ಪರ್ಮಿಟ್ ಆಫೀಸಿಗೂ ಹೋಗತ್ತೇನೋ, ಕೆಲಸಕ್ಕೆ ಆಗಲ್ಲ ಅಂತ ವಾಪಸ್ ಕಳಿಸ್ತಾರೇನೋ ಅಂತ. ಅದೂ ಅಲ್ದೆ... ಪತ್ರದ ಕೆಳಗೆ ನಿಮ್ಮ ಸಹಿ ನೋಡ್ದೆ. ದೊಡ್ಡೋರು ಕೇಳಿದ್ರೆ ಚೆನ್ನಾಗಿದ್ದೀನಿ ಅಂತ ತಾನೇ ಹೇಳೋದು?"

"ನಾನೇನು ನಿಮ್ಮನೇಗೆ ನೆಂಟಳಾಗಿ ಬಂದಿದ್ದೀನಾ?" ಎಂದು ಲೀಲಾವತಿಯವರು ನಕ್ಕರು. ಆ ಕಡೆಯಿಂದಲೂ ನಗು ಕೇಳಿಸಿತು. ಫಾರಂ ಯಾವ ಕಚೇರಿಗೂ ಹೋಗುವುದಿಲ್ಲ ಎಂದು ಅವರು ಮೂರು ಸಲ ಹೇಳಿದರು. ಅಜೀಜರ ಒಪ್ಪಿಗೆ ಪಡೆದು ಅಂದೇ ಅವರ ವೈದ್ಯರಿಗೆ ಪತ್ರ ಬರೆದರು.

ಕೊನೆಯ ಕೆಲವು ಫಾರಂಗಳನ್ನು ಬಿಟ್ಟರೆ ನಮ್ಮ ಕೋಷ್ಟಕಗಳು ಆಗಲೇ ಸಿದ್ಧವಾಗಿದ್ದವು. ಸಮ್ಮೇಳನಕ್ಕೆ ಸಾರಾಂಶವೂ ಹೋಗಿತ್ತು. ಒಬ್ಬರ ಫಾರಂ ತಾನೇ, ಸರಾಸರಿ ಅಲುಗುವುದಿಲ್ಲ ಎಂದೆ.

"ಒಬ್ಬರು ಅಂದ್ರೆ ಎಷ್ಟು ಜನ, ಅವಿನಾಶ್?"

ಅವರು ಸಾರಾಂಶವನ್ನು ಹಿಂತೆಗೆದುಕೊಂಡರು. ಎಲ್ಲಕ್ಕೂ ಒಂದು ಎಂದು ಬರೆದ ಮೂವತ್ತೊಂದು ಮಂದಿಗೂ ಆ ಚಳಿಗಾಲವೆಲ್ಲ ಫೋನ್ ಮಾಡಿದೆವು. ಅಜೀಜರ ಹೊರತು ಉಳಿದವರೆಲ್ಲ ಸ್ವೀಡಿಷರೇ. ದೂರು ಹೇಳದಿರುವ ವಿನಯ ಕನ್ನಡಿಗರ ಸ್ವತ್ತಲ್ಲ ಎಂದು ನನಗೆ ತಿಳಿದದ್ದು ಆಗ. ಕಾಡಿಗೆ ನಡೆದಾಡಲು ಹೋಗುವುದನ್ನೇ ಬಿಟ್ಟ ಬಡಗಿಯೊಬ್ಬರು, 'ತೊಂದರೆಯೇನಿಲ್ಲ, ನಾನು ಹೊರಗೆ ಹೋಗುವುದೇ ಇಲ್ಲವಲ್ಲ' ಎಂದರು. ಬರೆದ ಒಂದನ್ನು ಲೀಲಾವತಿಯವರು ಅಳಿಸಗೊಡಲಿಲ್ಲ. ಹಿಂದಿನ ದಿನ ಮಾಡಿದ್ದನ್ನು ಬರೆಯಲು ಪಕ್ಕಕ್ಕೊಂದು ಹಾಳೆ ಸೇರಿಸಿ, ಅದಕ್ಕೆ 'ನಿನ್ನೆ' ಎಂದು ಹೆಸರಿಟ್ಟರು. ಪ್ರಬಂಧ ಒಂದೂವರೆ ವರ್ಷ ತಡವಾಗಿ ಬಂತು. ಆ ಹಾಳೆ ಮಾತ್ರ ಈಗ ನಾವು ಕಳುಹಿಸುವ ಪ್ರತಿ ಲಕೋಟೆಯಲ್ಲೂ ಇದೆ.

ಅಜೀಜರಿಗೆ ಔಷಧ, ಆಹಾರದ ಪಟ್ಟಿ, ಸ್ನಾಯುಗಳ ವ್ಯಾಯಾಮ ಸಿಕ್ಕವು. ಪರ್ಮಿಟ್ ತನ್ನ ಪಾಡಿಗೆ ನವೀಕರಣಗೊಂಡಿತು. ಮರುವರ್ಷ ಮೇ ತಿಂಗಳಲ್ಲಿ ಅವರೇ ಫೋನ್ ಮಾಡಿದರು.

"ಮೇಡಂ, ನಿನ್ನೆ ಫೀಕಾಗೆ ಕೂತಿದ್ದೆ."

"ಏನು ತಿಂದ್ರಿ?"

"ಅರ್ಧ ಏಲಕ್ಕಿ ಬನ್ನು. ಇನ್ನರ್ಧ ಜೇಬಲ್ಲಿಟ್ಕೊಂಡೆ, ಧೈರ್ಯ ಬರ್ಲಿಲ್ಲ."

ಲೀಲಾವತಿಯವರು ಫೋನಿಟ್ಟು 'ಅರ್ಧ ಬನ್ನು' ಎಂದು ಅಜೀಜರ 'ನಿನ್ನೆ' ಹಾಳೆಯಲ್ಲಿ ಬರೆದರು. ಅದಕ್ಕೆ ಯಾವ ಅಂಕ ಎಂದು ನಾನು ಕೇಳಲಿಲ್ಲ.

ಅವರು ನೂರು ವರ್ಷ ಬಾಳಲಿ ಎಂಬ ಹಾರೈಕೆ ನಮ್ಮೆಲ್ಲರದು. ಆದರೆ ವರ್ಷಗಳನ್ನಷ್ಟೇ ಎಣಿಸಬಾರದೆಂದು ನಮಗೆ ಕಲಿಸಿದವರು ಅವರೇ. ಆದ್ದರಿಂದ ಇನ್ನು ಮುಂದೆ ನಾವು ಅವರಿಗೆ ಫೋನ್ ಮಾಡಿದಾಗ ಹೇಗಿದ್ದೀರಿ ಎಂದು ಕೇಳುವುದಿಲ್ಲ. ನಿನ್ನೆ ಏನು ಮಾಡಿದಿರಿ ಎಂದು ಕೇಳುತ್ತೇವೆ. ಉತ್ತರ ಪ್ರತಿ ಸಲವೂ ಉದ್ದವಾಗಿರಲಿ.