ಒಕ್ಕಣ್ಣನ ಒಂದೂವರೆ ಗಂಟೆ

ಅವನ ಎರಡು ಕಣ್ಣೂ ನೆಟ್ಟಗೇ ಇದ್ದವು. ಆದರೂ ಬೀದಿಯವರೆಲ್ಲ ಅವನನ್ನು ಒಕ್ಕಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತೈದು ವರ್ಷದಿಂದ ಗಡಿಯಾರ ರಿಪೇರಿ ಮಾಡುವವನು; ಅಂಗಡಿ ಬಾಗಿಲು ತೆಗೆದಾಗ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ತೆಗೆಯುತ್ತಿದ್ದುದು ಬೀಗ ಹಾಕುವಾಗಲೇ. ಗಿರಾಕಿ ಬಂದರೂ ತಲೆ ಎತ್ತುವ ಆಸಾಮಿಯಲ್ಲ. ಗಡಿಯಾರ ಚಾಚಿದ ಕೈ ನೋಡಿಯೇ ಯಾರೆಂದು ಹೇಳಿಬಿಡುತ್ತಿದ್ದ. ಅದೇನು ಸಾಮಾನ್ಯ ಜಂಬವೇ ಅವನಿಗೆ!

ಆ ಜಂಬವೇ ಈಗ ಅವನನ್ನು ತಿನ್ನುತ್ತಿತ್ತು. ಹೆಂಡತಿ ದಿನಾ ಒಂದೂವರೆಗೆ ಊಟದ ಡಬ್ಬಿ ತರುತ್ತಿದ್ದಳು. "ರೀ, ಬಿಸಿಯಾಗಿದೆ, ಈಗ್ಲೇ ಊಟ ಮಾಡಿ," ಎನ್ನುತ್ತಿದ್ದಳು. ಇವನು ತಗ್ಗಿಸಿದ ತಲೆ ಎತ್ತದೆ, "ಇಡು ಅಲ್ಲಿ," ಎನ್ನುತ್ತಿದ್ದ. ಅವಳು ಸ್ವಲ್ಪ ಹೊತ್ತು ನಿಂತು ಹೊರಟುಹೋಗುತ್ತಿದ್ದಳು. ಹೋದ ವರ್ಷ ಮೂರೇ ದಿನದ ಜ್ವರದಲ್ಲಿ ತೀರಿಕೊಂಡಳು. ಆಮೇಲೆ ಕಣ್ಣು ಮುಚ್ಚಿ ನೆನೆಯಲು ಹೋದರೆ, ಅಯ್ಯೋ ಪಾಪ, ಅವನಿಗೆ ಕಾಣುತ್ತಿದ್ದುದು ಡಬ್ಬಿ ಇಡುವ ಕೈ ಮಾತ್ರ. ಹೆಬ್ಬೆರಳ ಬುಡದ ಸುಟ್ಟ ಕಲೆಯೂ ಸ್ಪಷ್ಟ. ಮುಖ ಮಾತ್ರ ಬರುತ್ತಿರಲಿಲ್ಲ. ಮನೆಯಲ್ಲೊಂದು ಫೋಟೋ ಇತ್ತು. ಅದರಲ್ಲಿ ಕ್ಯಾಮೆರಾಕ್ಕೆ ಹೆದರಿ ಬಿಗಿದುಕೊಂಡ ಯಾರೋ ಹೆಂಗಸಿದ್ದಳು, ಅವನ ಹೆಂಡತಿ ಇರಲಿಲ್ಲ.

ಒಂದು ದಿನ ಎದುರಿನ ಆಸ್ಪತ್ರೆಯ ನರ್ಸಮ್ಮ ವಾಚಿಗೆ ಬೆಲ್ಟು ಹಾಕಿಸಲು ಬಂದವಳು ಅದೂ ಇದೂ ಮಾತಾಡುತ್ತ ಕನಸಿನ ವಿಷಯ ತೆಗೆದಳು.

"ಕನಸಲ್ಲಿದ್ದಾಗ ಇದು ಕನಸು ಅಂತ ಗೊತ್ತಾಗ್ಬಿಟ್ರೆ, ಬೇಕಾದವ್ರನ್ನ ನೋಡ್ಬಹುದಂತೆ ಅಣ್ಣ. ಗಡಿಯಾರ ನೋಡೋದು, ಮುಖ ಆಚೆ ತಿರುಗ್ಸೋದು, ಮತ್ತೆ ನೋಡೋದು. ಟೈಮ್ ಬದಲಾಗಿದ್ರೆ ಕನಸು ಅಂತಲೇ ಲೆಕ್ಕ. ಎಚ್ಚರವಾಗಿದ್ದಾಗ್ಲೂ ಹಾಗೇ ರೂಢಿ ಮಾಡ್ಕೋಬೇಕಂತೆ."

ಬೇಕಾದವರು ಎಂಬ ಮಾತು ಅವನ ಎದೆಗೆ ನಾಟಿತು.

ಮಾರನೆಯ ದಿನದಿಂದ ಒಂದು ಗಂಟೆಗೆಲ್ಲ ಕುರ್ಚಿಗೆ ಒರಗಿ ಕಣ್ಣು ಮುಚ್ಚತೊಡಗಿದ. ಮೊದಲು ಕಾಲ್ಬೆರಳು ಜುಮ್ಮೆನ್ನುತ್ತಿತ್ತು. ಆಮೇಲೆ ಕೈಗಳು ಊದಿ ಊದಿ ದಿಂಬಿನಷ್ಟಾದ ಹಾಗೆ ಅನಿಸುತ್ತಿತ್ತು, ಎತ್ತೋಣವೆಂದರೆ ಮಣಭಾರ. ರೆಪ್ಪೆಯ ಒಳಗೆ ನೇರಳೆ ಚುಕ್ಕಿಗಳು ಗಿರಗಿರ ತಿರುಗಿ ಹಲ್ಲಿನ ಚಕ್ರಗಳಾಗುತ್ತಿದ್ದವು. ಗೋಡೆಯ ಗಡಿಯಾರಗಳ ಸದ್ದೆಲ್ಲ ಕಲೆತು ಪಕ್ಕದ ಕೋಣೆಯಲ್ಲಿ ಯಾರೋ ಪಿಸುಗುಟ್ಟಿದಂತೆ ಕೇಳುತ್ತಿತ್ತು. ಇನ್ನೇನು ನಿದ್ದೆ ಹತ್ತಿತು ಎನ್ನುವಷ್ಟರಲ್ಲಿ ಮೆಟ್ಟಿಲು ತಪ್ಪಿದವನಂತೆ ಬೆಚ್ಚಿ ಎದ್ದುಬಿಡುತ್ತಿದ್ದ.

ಹತ್ತು ದಿನಕ್ಕೆ ಅಂತೂ ಕನಸು ಬಿತ್ತು. ಎದುರಿನ ಗಡಿಯಾರದ ಮುಳ್ಳು ಹಿಂದಕ್ಕೆ ಓಡುತ್ತಿತ್ತು. ಕನಸೆಂದು ತಿಳಿಯಿತೇ? ಎಲ್ಲಿಯ ಮಾತು! 'ಸ್ಪ್ರಿಂಗ್ ಹೋಗಿರಬೇಕು' ಎಂದುಕೊಂಡು ಬಿಚ್ಚಿ ರಿಪೇರಿಗೆ ಕೂತ. ಹಿಂದೆಯೇ ಡಬ್ಬಿ ಇಟ್ಟ ಸದ್ದಾಯಿತು. "ಇಡು ಅಲ್ಲಿ," ಎಂದ. ಎಚ್ಚರವಾದ ಮೇಲೆ ಹಣೆ ಹಣೆ ಚಚ್ಚಿಕೊಂಡ. ಇನ್ನೂ ಎರಡು ಸಲ ಇದೇ ಹಾಡಾಯಿತು.

"ಕನಸಲ್ಲೂ ಅಂಗಡಿ ತೆಗೆದಿರ್ತೀರಲ್ಲ ಅಣ್ಣ!" ಎಂದು ನರ್ಸಮ್ಮ ಬಿದ್ದು ಬಿದ್ದು ನಕ್ಕಳು. ಅವನಿಗೆ ಮಾತ್ರ ನಗು ಬರಲಿಲ್ಲ. ಈ ಸಲ ಏನೇ ಆಗಲಿ ಗಡಿಯಾರಕ್ಕೆ ಕೈ ಹಾಕುವುದಿಲ್ಲ, ಮುಖ ನೋಡಿಯೇ ನೋಡುತ್ತೇನೆ ಎಂದು ಹಟ ತೊಟ್ಟ.

ಆ ಮಧ್ಯಾಹ್ನ ಮಂಪರು ಕವಿದಿತ್ತು. ಡಬ್ಬಿ ಇಟ್ಟ ಸದ್ದು ಕೇಳಿ ಅರೆಗಣ್ಣು ತೆರೆದ. ಗೋಡೆ ನೋಡಿದ: ಒಂದೂವರೆ. ಮುಖ ತಿರುಗಿಸಿ ಮತ್ತೆ ನೋಡಿದ: ಒಂಬತ್ತು ಹತ್ತು. ಬದಲಾಗಿದೆ! ರಿಪೇರಿಗೆ ಬಂದ ಹನ್ನೊಂದು ಗಡಿಯಾರ ಒಂದೊಂದು ಟೈಮ್ ತೋರಿಸುತ್ತ ಅದೇ ಗೋಡೆಯಲ್ಲಿವೆ, ಎರಡನೇ ಸಲ ಕಣ್ಣು ಪಕ್ಕದ್ದರ ಮೇಲೆ ಬಿದ್ದಿದೆ ಎಂಬುದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ. ಭೂತಗನ್ನಡಿ ಕಿತ್ತು ಮೇಜಿನ ಮೇಲಿಟ್ಟು ತಲೆ ಎತ್ತಿದ. ಬಾಗಿಲ ಬೆಳಕಿಗೆ ಬೆನ್ನು ಮಾಡಿ ಅವಳು ನಿಂತಿದ್ದಳು.

"ಹೋಗ್ಬೇಡ ಕಣೇ. ದಿನಾ ಹೀಗೇ ನಿಂತ್ಕೊಂಡು ಹೋಗ್ಬಿಟ್ಟೆ. ನಾನು ಒಂದಿನಾನೂ ತಲೆ ಎತ್ತಿ ನೋಡ್ಲಿಲ್ಲ. ನಂದೇ ತಪ್ಪು. ಕೂತ್ಕೋ, ನಿನ್ನ ಮುಖ ನೋಡ್ಬೇಕು."

ಅವಳು ಸ್ಟೂಲು ಎಳೆದು ಕೂತಳು. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು, ಕಣ್ಣ ಕೆಳಗೆ ಕಪ್ಪು, ಮೂಗಿನ ಮೇಲೆ ಬೆವರು.

"ಅಪ್ಪಾ, ನಾನು ಕಣಪ್ಪಾ," ಎಂದಳು ಮೆಲ್ಲಗೆ.

ತಾಯಿ ಹೋದಾಗಿನಿಂದ ಡಬ್ಬಿ ತರುತ್ತಿದ್ದವಳು ಮಗಳೇ. ಅವಳಿಗೂ ಇವನು ಒಂದು ವರ್ಷದಿಂದ ಹೇಳಿದ್ದು ಅದೇ ಎರಡು ಮಾತು. ಅವನ ನಿದ್ದೆ ಪೂರ್ತಿ ಇಳಿಯಿತು. ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಏಳ್ಬೇಡ, ಕೂತಿರು," ಎಂದ. ಬಾಗಿಲ ಕಡೆ ನೋಡುತ್ತ, "ನಿಮ್ಮಮ್ಮ ಅಷ್ಟು ಹೊತ್ತು ನಿಂತು ಏನು ನೋಡ್ತಿದ್ಲೋ!" ಎಂದ.

"ನಿನ್ನ ನೆತ್ತಿ. ಮನೆಗೆ ಬಂದು ಹೇಳೋಳು: ನಿಮ್ಮಪ್ಪನ ತಲೆ ನಡುವೆ ಬೋಳಾಗ್ತಿದೆ, ಆ ಮಹಾರಾಯ್ರಿಗೆ ಇನ್ನೂ ಗೊತ್ತಿಲ್ಲ, ನೀನೂ ಹೇಳ್ಬೇಡ ಅಂತ."

ಹೇಳುತ್ತ ಹೇಳುತ್ತ ಮಗಳು ಕಣ್ಣಲ್ಲಿ ನೀರು ತುಂಬಿಕೊಂಡೇ, ಅಂಗೈಯಿಂದ ಬಾಯಿ ಮುಚ್ಚಿ ನಕ್ಕಳು. ಅವಳಮ್ಮ ನಗುತ್ತಿದ್ದುದೂ ಹೀಗೆಯೇ. ಒಂದು ವರ್ಷದಿಂದ ಬಾರದ ಮುಖ ಅವನೆದುರು ಬಂತು, ಹಾಡಹಗಲಲ್ಲೇ, ಪೂರ್ತಿ ಎಚ್ಚರದಲ್ಲೇ.

"ಬೋಳೇ?" ಎಂದು ನೆತ್ತಿ ಸವರಿಕೊಂಡ. ಆಮೇಲೆ ಕಣ್ಣೊರೆಸಿಕೊಂಡು ಡಬ್ಬಿಯ ಮುಚ್ಚಳ ತೆಗೆದ. ಊಟ ಇನ್ನೂ ಬಿಸಿಯಾಗಿತ್ತು.