ಬುಟ್ಟಿ ತುಂಬ ಅಡಿಕೆ

ಹಾನಗಲ್ಲಿನಿಂದ ಗಾಡಿಯವ ತಂದಿಳಿಸಿದ ಬುಟ್ಟಿಯ ತುಂಬ ಅಡಿಕೆ ಕಂಡು ನಾನು ಬೆಪ್ಪಾದೆ. ಸವಣೂರಿನ ನನ್ನ ತೋಟದ ವೀಳ್ಯದೆಲೆ ಕೊಳ್ಳುವ ಹಾನಗಲ್ಲಿನ ಬಸಪ್ಪನಿಗೆ ಬರೆಯಲು ಬಾರದು. ಮುಂದಿನ ಸಂತೆಗೆ ಎಷ್ಟು ಕಟ್ಟು ಎಲೆ ಬೇಕೋ ಅಷ್ಟು ಅಡಿಕೆ ಕಳಿಸುವುದು ಅವನ ಪದ್ಧತಿ. ಹೆಚ್ಚೆಂದರೆ ಆರು ಇರುತ್ತಿದ್ದವು. ಯುದ್ಧದ ಕಾಲ, ಏನು ಗಿರಾಕಿಯೋ ಎಂದು ಇಡೀ ತೋಟ ಬೋಳಿಸಿ ಒಯ್ದೆ.

ಬಸಪ್ಪ ಹಣೆ ಬಡಿದುಕೊಂಡ. "ಅಲ್ಲೋ ಮಾರಾಯ, ನೀ ಅಜ್ಜ ಆಗೀದಿ. ತವರಿಗೆ ಬಂದ ನನ್ನ ಮಗಳು, ನಿನ್ನ ಸೊಸಿ, ಹೆಣ್ಣ ಹಡದಾಳ. ನಿಮ್ಮೂರಾಗ ಹಂಚಲಿ ಅಂತ ಅಡಿಕಿ ಕಳಿಸೇನಿ. ಇಷ್ಟು ಎಲಿ ಕೊಳೀತಾವಲ್ಲೋ."

"ಕೊಳಿಯಾಕ ಯಾಕ ಬಿಡ್ತಿ? ಇಲ್ಲೇ ಹಂಚು," ಎಂದೆ. ಸಂಜೆಯೊಳಗೆ ಹಾನಗಲ್ಲಿನ ಬಾಯೆಲ್ಲ ಕೆಂಪಾಯಿತು. ಹಲ್ಲಿಲ್ಲದ ಮುದುಕಿಯರನ್ನೂ ನಾನು ಬಿಡಲಿಲ್ಲ.

ತೋಟ ಮತ್ತೆ ಚಿಗುರುವತನಕ ಕೊಯ್ಯಲು ಒಂದೆಲೆಯೂ ಇರಲಿಲ್ಲ. ಆ ತಿಂಗಳು ಪೂರ್ತಿ ಬೀಗರ ಮನೆಯಲ್ಲಿ ಕುಳಿತು ತೊಟ್ಟಿಲು ತೂಗಿದೆ.